24 ಅಡಿ ಕ್ಯಾಬಿನ್ ಬೋಟ್ ನೋಡಿ ಬಂದೆವು, ತೆಗೆದುಕೊಳ್ಳಬಹುದಾ?

ಕರ್ಕ್‌ಲ್ಯಾಂಡ್ ಮೈಸೂರಿಗ:

ಎಲ್ಲರಿಗೂ ನಮಸ್ಕಾರ. ನಾವು ಸಿಯಾಟಲ್ ಪಕ್ಕದ ಕರ್ಕ್‌ಲ್ಯಾಂಡ್‌ನಲ್ಲಿದ್ದೇವೆ. ನಾನು, ಹೆಂಡತಿ, 10 ಮತ್ತು 6 ವರ್ಷದ ಇಬ್ಬರು ಮಕ್ಕಳು. ಬೇಸಿಗೆಯಲ್ಲಿ ಮೈಸೂರಿನಿಂದ ಅಮ್ಮ ಬಂದು ಮೂರು ತಿಂಗಳು ಇರುತ್ತಾರೆ. ಮೂರು ವರ್ಷ ಬಾಡಿಗೆ ಬೋಟ್‌ನಲ್ಲಿ ಲೇಕ್ ವಾಷಿಂಗ್ಟನ್ ಸುತ್ತಿದ್ದಾಯಿತು. ಈಗ ಸ್ವಂತದ್ದು ಬೇಕು ಅನ್ನಿಸಿದೆ.

ಶನಿವಾರ ಒಂದನ್ನು ನೋಡಿ ಬಂದೆವು. 2006ರ ಮಾಡೆಲ್. 24 ಅಡಿ ಉದ್ದ, ಎಂಟೂವರೆ ಅಡಿ ಅಗಲ. 5.7 ಲೀಟರ್ ವಿ8 ಪೆಟ್ರೋಲ್ ಎಂಜಿನ್, ಸ್ಟರ್ನ್‌ಡ್ರೈವ್ (ಎಂಜಿನ್ ಒಳಗೆ, ಪ್ರೊಪೆಲ್ಲರ್ ಇರುವ ಡ್ರೈವ್ ಹಿಂದೆ ಹೊರಗೆ). ಮೀಟರ್‌ನಲ್ಲಿ 410 ಗಂಟೆ. ಕ್ಯಾಬಿನ್‌ನಲ್ಲಿ ಮುಂದೆ ವಿ ಆಕಾರದ ಹಾಸಿಗೆ, ಕಾಕ್‌ಪಿಟ್ ಕೆಳಗೆ ಮಲಗಲು ಇನ್ನೊಂದು ಗೂಡು, ಒಲೆ, ಸಿಂಕ್, ಪುಟ್ಟ ಟಾಯ್ಲೆಟ್. ಮಕ್ಕಳು ಆ ಗೂಡು ಬಿಟ್ಟು ಹೊರಗೆ ಬರಲೇ ಇಲ್ಲ. ಸೀಟುಗಳ ಹೊಲಿಗೆ ಹೊಸದು, ಮೈಯೆಲ್ಲ ಪಾಲಿಶ್ ಮಾಡಿ ಫಳಫಳ ಅನ್ನುತ್ತಿದೆ. ಕೇಳುತ್ತಿರುವುದು 27,500 ಡಾಲರ್.

ಬ್ಯಾಲರ್ಡ್ ಲಾಕ್ಸ್ (ಲೇಕ್‌ನಿಂದ ಸಮುದ್ರದ ಮಟ್ಟಕ್ಕೆ ಬೋಟ್ ಇಳಿಸುವ ಗೇಟುಗಳು) ದಾಟಿ ಪ್ಯೂಜೆಟ್ ಸೌಂಡ್ ಅನ್ನುವ ಸಮುದ್ರದ ಕೊಲ್ಲಿಗೆ ಹೋಗಿ, ಬ್ಲೇಕ್ ಐಲ್ಯಾಂಡ್‌ನಲ್ಲಿ ಒಂದು ರಾತ್ರಿ ಎಲ್ಲರೂ ಬೋಟ್‌ನಲ್ಲೇ ಮಲಗಬೇಕು ಅನ್ನುವುದು ನಮ್ಮ ಆಸೆ. ಏನೇನು ನೋಡಬೇಕು? ನಮ್ಮ ಟೊಯೋಟಾ ಹೈಲ್ಯಾಂಡರ್ ಕಾರಿನಲ್ಲಿ ಇದನ್ನು ಎಳೆಯಬಹುದಾ?

ಗಂಗೊಳ್ಳಿ ಹುಡುಗಿ, ಟಕೋಮಾ:

ಮೊದಲು ಆ ಪಾಲಿಶ್ ಮರೆತುಬಿಡಿ.

ನಮ್ಮಪ್ಪ ಗಂಗೊಳ್ಳಿಯಲ್ಲಿ ಮೀನಿನ ದೋಣಿ ಇಟ್ಟಿದ್ದರು. ಹಳೇ ದೋಣಿ ನೋಡಲು ಹೋದರೆ ಸೀದಾ ಹಿಂಭಾಗಕ್ಕೆ ಹೋಗಿ ನಿಲ್ಲುತ್ತಿದ್ದರು. ಬೆರಳ ಗೆಣ್ಣಿನಿಂದ ಹಲಗೆ ತಟ್ಟಿ ಕಿವಿ ಕೊಡುತ್ತಿದ್ದರು. ನಾನು ಇಲ್ಲಿ 11 ವರ್ಷದಿಂದ ಇಂಥದ್ದೇ ಕ್ಯಾಬಿನ್ ಬೋಟ್ ಓಡಿಸುತ್ತಿದ್ದೇನೆ. ನನ್ನದೂ ಅದೇ ಕ್ರಮ.

ಆ ಕಾಲದ ಅನೇಕ ಬೋಟ್‌ಗಳ ಟ್ರಾನ್ಸಮ್ (ಹಿಂಭಾಗದ ಅಡ್ಡಗೋಡೆ) ಒಳಗೆ ಪ್ಲೈವುಡ್ ಇರುತ್ತದೆ, ಅದರ ಮೇಲೆ ಫೈಬರ್‌ಗ್ಲಾಸ್. ಡ್ರೈವ್ ಕೂರಿಸಿದ ಜಾಗದ ಸುತ್ತ, ಈಜುವ ಪ್ಲಾಟ್‌ಫಾರ್ಮ್‌ನ ಬೋಲ್ಟ್‌ಗಳ ಸುತ್ತ ನೀರು ನಿಧಾನಕ್ಕೆ ಒಳಗೆ ಇಳಿಯುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆಯಿಂದ ಅಂಗೈ ಅಗಲಕ್ಕೊಂದು ಏಟಿನ ಹಾಗೆ ತಟ್ಟುತ್ತಾ ಹೋಗಿ. ಗಟ್ಟಿ ಇದ್ದಲ್ಲಿ ಟಕ್ ಟಕ್ ಅಂತ ಚುರುಕಾಗಿ ಕೇಳುತ್ತದೆ. ಕೊಳೆತಲ್ಲಿ ದೊಬ್ ಅನ್ನುತ್ತದೆ, ಹಣ್ಣಾದ ಹಲಸು ತಟ್ಟಿದ ಹಾಗೆ. ಎರಡು ಸಲ ಕೇಳಿದರೆ ಸಾಕು, ಮತ್ತೆ ಮರೆಯುವುದಿಲ್ಲ.

ಆಮೇಲೆ ಡ್ರೈವ್ ಎತ್ತಿಸಿ ಬೆಲ್ಲೋಸ್ ನೋಡಿ. ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿರುವ ಕಪ್ಪು ರಬ್ಬರ್. ನೀರಿನ ಮಟ್ಟಕ್ಕಿಂತ ಕೆಳಗೆ ಇರುವ ಭಾಗ ಅದು. ಹರಿದರೆ ನೀರು ನೇರ ಒಳಗೆ. ನನ್ನ ಮೊದಲ ಬೋಟ್ ಕೊಂಡಾಗ ಮಾರಿದವರು "ಹೋದ ವರ್ಷವೇ ಬದಲಾಯಿಸಿದ್ದೇವೆ" ಅಂದರು, ನಂಬಿದೆ. ಜುಲೈನಲ್ಲಿ ಒಂದು ಬೆಳಿಗ್ಗೆ ಮರೀನಾಗೆ ಹೋದರೆ ತಳದಲ್ಲಿ ಸೇರಿದ ನೀರು ಹೊರಗೆ ಹಾಕುವ ಬಿಲ್ಜ್ ಪಂಪ್ ಬಿಡದೆ ಓಡುತ್ತಿತ್ತು. ಬೋಟ್ ಮೇಲೆತ್ತಿಸಿ ಮಡಿಕೆಗಳನ್ನು ಬೆರಳಿನಿಂದ ಅಗಲಿಸಿದೆ. ತಳದ ಮಡಿಕೆಯಲ್ಲಿ ಉಗುರಿನಷ್ಟು ಉದ್ದದ ಸೀಳು. ಅಷ್ಟೇ. ಆ ರಾತ್ರಿ ಬ್ಯಾಟರಿ ಖಾಲಿಯಾಗಿದ್ದರೆ ಬೋಟ್ ತಳ ಸೇರುತ್ತಿತ್ತು. ಅದಕ್ಕೇ ಬಾಯಿಮಾತು ಬೇಡ, ರಸೀದಿ ಕೇಳಿ.

410 ಗಂಟೆ ಅಂದರೆ ಕಮ್ಮಿ ಓಡಿದೆ ಅಂತ ಖುಷಿಪಡಬೇಡಿ, ಅದು ಕಾರಿನ ಲೆಕ್ಕ. ಇಷ್ಟು ವರ್ಷಕ್ಕೆ 410 ಅಂದರೆ ಜಾಸ್ತಿ ದಿನ ಸುಮ್ನೆ ನಿಂತಿದೆ. ನಿಂತ ಬೋಟ್‌ನಲ್ಲಿ ರಬ್ಬರ್ ಒಣಗುತ್ತದೆ, ಪೆಟ್ರೋಲ್ ಕೆಡುತ್ತದೆ. ಎಲ್ಲಿ ನಿಂತಿತ್ತು ಅನ್ನುವುದೂ ಮುಖ್ಯ. ಲೇಕ್ ವಾಷಿಂಗ್ಟನ್ ಸಿಹಿ ನೀರು, ಸೌಂಡ್ ಉಪ್ಪು ನೀರು. ಉಪ್ಪು ನೀರಲ್ಲಿ ಇದ್ದಿದ್ದರೆ ಎಂಜಿನ್ ಹೊಗೆ ಹೊರಗೆ ಹೋಗುವ ಕೊಳವೆಗಳು, ಅಂದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್, ರೈಸರ್, ಯಾವಾಗ ಬದಲಾಯಿಸಿದರು ಕೇಳಿ. ಅವು ಒಳಗಿಂದ ತುಕ್ಕು ಹಿಡಿದು ತೂತಾದರೆ ನೀರು ಸಿಲಿಂಡರ್‌ಗೇ ಹೋಗುತ್ತದೆ.

ನೀವು ಬರುವ ಮೊದಲು ಎಂಜಿನ್ ಸ್ಟಾರ್ಟ್ ಮಾಡಿರಬಾರದು ಅಂತ ಮೊದಲೇ ಹೇಳಿಬಿಡಿ. ಹೋದ ಕೂಡಲೇ ಎಂಜಿನ್ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ಎಂಜಿನ್ ಜಾಗದ ಪೆಟ್ರೋಲ್ ಆವಿ ಹೊರಗೆ ತಳ್ಳುವ ಬ್ಲೋವರ್ ಫ್ಯಾನ್ ನಾಲ್ಕು ನಿಮಿಷ ಓಡಿಸಿ ಆಮೇಲೆ ಸ್ಟಾರ್ಟ್ ಮಾಡಬೇಕು. ಅವರು ಅಷ್ಟೂ ಮಾಡದಿದ್ದರೆ ಬೋಟ್ ಹೇಗೆ ಇಟ್ಟುಕೊಂಡಿದ್ದರು ಅಂತ ನಿಮಗೇ ಗೊತ್ತಾಗುತ್ತದೆ.

ಇನ್ನು ಆ ಗೂಡು. ದಯವಿಟ್ಟು ಇದನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ಬೋಟ್ ಮೆಲ್ಲಗೆ ಹೋಗುವಾಗ ಹಿಂದಿನ ಹೊಗೆ ಸುತ್ತಿಕೊಂಡು ವಾಪಸ್ ಒಳಗೆ ಬರಬಹುದು. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಅದನ್ನು ಪತ್ತೆ ಮಾಡುವ ಅಲಾರಂ ಗೋಡೆಯಿಂದ ತೆಗೆದು ಹಿಂದೆ ಬರೆದಿರುವ ತಾರೀಕು ನೋಡಿ, ಅದಕ್ಕೂ ಆಯಸ್ಸು ಇದೆ. ಎಂಜಿನ್ ಓಡುತ್ತಿರುವಾಗ ಮಕ್ಕಳನ್ನು ಅಲ್ಲಿ ಮಲಗಿಸಲೇಬೇಡಿ.

ಸೀ ಟ್ರಯಲ್ (ಕೊಳ್ಳುವ ಮೊದಲು ನೀರಲ್ಲಿ ಓಡಿಸಿ ನೋಡುವುದು) ಲೇಕ್‌ನಲ್ಲಿ ಮುಗಿಸಬೇಡಿ. ಸೌಂಡ್‌ಗೆ ಹೋಗಿ, ಗಾಳಿ ಎದ್ದ ಮಧ್ಯಾಹ್ನ. ಮುಂದಿನ ಸಲ ಅಮ್ಮನನ್ನೂ ಕರೆದುಕೊಂಡು ಹೋಗಿ. ಅವರು ಕ್ಯಾಬಿನ್ ಮೆಟ್ಟಿಲು ಇಳಿಯಲಿ, ಟಾಯ್ಲೆಟ್ ಬಾಗಿಲು ಹಾಕಿಕೊಂಡು ಕೂತು ಏಳಲಿ. ರಾತ್ರಿ ಎರಡು ಗಂಟೆಗೆ ಅಲೆಯ ಮೇಲೆ ಅದನ್ನೇ ಮಾಡಬೇಕಲ್ವಾ?

ಟ್ರೇಲರ್ ಅನುಭವಿ:

ಎಳೆಯುವ ವಿಷಯಕ್ಕೆ ಮಾತ್ರ ಹೇಳುತ್ತೇನೆ. ವಿ6 ಹೈಲ್ಯಾಂಡರ್ ಸಾಮರ್ಥ್ಯ ಹೆಚ್ಚೆಂದರೆ 5,000 ಪೌಂಡ್. ನನ್ನ 24 ಅಡಿಯದ್ದು ಬ್ರೋಷರ್‌ನಲ್ಲೇ 5,600, ಅದೂ ಖಾಲಿ ಬೋಟ್. 75 ಗ್ಯಾಲನ್ ಪೆಟ್ರೋಲ್ ಅಂದರೆ ಸುಮಾರು 450 ಪೌಂಡ್. ನೀರು, ಆಂಕರ್, ಬಟ್ಟೆಬರೆ, ಟ್ರೇಲರ್ ಎಲ್ಲ ಸೇರಿಸಿ ಟ್ರಕ್ ಸ್ಟಾಪ್‌ನಲ್ಲಿ ತೂಗಿಸಿದರೆ 8,000 ದಾಟಿತು. ಎಳೆಯುವುದಕ್ಕಿಂತ ನಿಲ್ಲಿಸುವುದು ಕಷ್ಟ. ದೊಡ್ಡ ಪಿಕಪ್ ಬೇಕು, ಇಲ್ಲವೇ ಮರೀನಾ ಬಾಡಿಗೆ ಲೆಕ್ಕಕ್ಕೆ ಹಿಡಿಯಿರಿ.

ಕರ್ಕ್‌ಲ್ಯಾಂಡ್ ಮೈಸೂರಿಗ:

ತುಂಬಾ ಥ್ಯಾಂಕ್ಸ್. ನಿನ್ನೆ ಸರ್ವೇಯರ್ (ಬೋಟ್ ಪರೀಕ್ಷಿಸುವ ತಜ್ಞರು) ಜೊತೆ ಮತ್ತೆ ಹೋಗಿದ್ದೆವು. ಎಂಜಿನ್ ತಣ್ಣಗಿತ್ತು, ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಎಂಟೂ ಸಿಲಿಂಡರ್‌ಗಳ ಒಳಗಿನ ಒತ್ತಡ (ಕಂಪ್ರೆಷನ್) ಹತ್ತಿರ ಹತ್ತಿರ ಇದೆ. ಬೋಟ್ ಇದ್ದಿದ್ದು ಲೇಕ್ ಯೂನಿಯನ್‌ನಲ್ಲಿ, ಸಿಹಿ ನೀರು. ಬೆಲ್ಲೋಸ್ ರಸೀದಿ 2017ರದ್ದು. ಅಲಾರಂ ಅವಧಿ ಮುಗಿದು ನಾಲ್ಕು ವರ್ಷ ಆಗಿದೆ. ಪ್ಲಾಟ್‌ಫಾರ್ಮ್‌ನ ಎಡಗಡೆ ಕೆಳಗಿನ ಬ್ರಾಕೆಟ್ ಹತ್ತಿರ ತೇವದ ಮೀಟರ್ ಜಾಸ್ತಿ ತೋರಿಸಿತು. ನಾನೂ ತಟ್ಟಿದೆ. ಅಲ್ಲಿ ಸದ್ದು ಬೇರೆ ಇದೆ ಅನ್ನಿಸಿತು. ಮಾಲೀಕರು 2,000 ಡಾಲರ್ ಕಮ್ಮಿ ಮಾಡುತ್ತಾರಂತೆ. ಅಮ್ಮ ಮೆಟ್ಟಿಲು ಇಳಿದರು, ಆದರೆ ಟಾಯ್ಲೆಟ್‌ನಿಂದ ಏಳಲು ಹಿಡಿ ಬೇಕು ಅಂದರು.

ಗಂಗೊಳ್ಳಿ ಹುಡುಗಿ, ಟಕೋಮಾ:

ಹಿಡಿ, ಅಲಾರಂ, ಬೆಲ್ಲೋಸ್ ಮೂರೂ ಸರಿಮಾಡಿಸಬಹುದು. ಟ್ರಾನ್ಸಮ್ ಹಾಗಲ್ಲ. ಎಷ್ಟು ದೂರ ಕೊಳೆತಿದೆ ಅಂತ ಗೊತ್ತಾಗದೆ 2,000ಕ್ಕೆ ಒಪ್ಪಬೇಡಿ. ತೇವ ಹರಡಿದ್ದರೆ ಎಂಜಿನ್ ಇಳಿಸಿ ಮಾಡುವ ಕೆಲಸ ಅದು.

ಆ ಬ್ರಾಕೆಟ್‌ನ ಒಂದು ಬೋಲ್ಟ್ ಬಿಚ್ಚಲು ಬಿಡುತ್ತಾರಾ ಕೇಳಿ. ತೂತಿನೊಳಗೆ ಸಣ್ಣ ಸ್ಕ್ರೂಡ್ರೈವರ್ ಹಾಕಿ ಗೀರಿ. ಒಣ, ತಿಳಿ ಬಣ್ಣದ ಪುಡಿ ಬಂದರೆ ಮಾತು ಮುಂದುವರಿಸಬಹುದು, ಆಗಲೂ ಸದ್ದು ಬೇರೆಯಾದ ಜಾಗವನ್ನು ಸರ್ವೇಯರ್ ಇನ್ನೊಮ್ಮೆ ನೋಡಲಿ. ಕಪ್ಪಗೆ, ಒದ್ದೆ ಕಾಫಿ ಚರಟದ ಹಾಗೆ ಬಂದರೆ ಕೈ ಮುಗಿದು ವಾಪಸ್ ಬನ್ನಿ, ಮಕ್ಕಳು ಎಷ್ಟೇ ಅತ್ತರೂ. ಬಿಚ್ಚಲು ಬಿಡುವುದೇ ಇಲ್ಲ ಅಂದರೆ ಅದೂ ಉತ್ತರವೇ.

ಭಾನುವಾರ ಬೆಳಿಗ್ಗೆ ನಾನು ಲೇಕ್ ಯೂನಿಯನ್ ಕಡೆ ಬರುವುದಿದೆ. ಯಾವ ಡಾಕ್ ಅಂತ ಮೆಸೇಜ್ ಮಾಡಿ. ಸುತ್ತಿಗೆ ತರುತ್ತೇನೆ.