ಮೌಂಟನ್ ಲಯನ್‌ಗೆ ಕನ್ನಡದಲ್ಲಿ ಏನನ್ನೋಣ? ಜೊತೆಗೆ ‘ಎದುರಿಸಿ’, ‘ಹಿಂದಕ್ಕೆ ಹೋಗಿ’ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಒಂದು ಪದ ಕೇಳೋಣ ಅಂತ ಬರೆಯಲು ಕೂತೆ. ಬರೆಯುತ್ತಾ ಅದು ಆರೇಳು ಪದ ಆಯಿತು. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನನ್ನ ಅಕ್ಕ ಹೊಸನಗರ ತಾಲ್ಲೂಕಿನವಳು. ಮಗಳ ಬಾಣಂತನಕ್ಕೆ ಅಮೆರಿಕದ ಕೊಲರಾಡೊಗೆ ಹೊರಟಿದ್ದಾಳೆ. ಮಗಳ ಮನೆ ಬೌಲ್ಡರ್ ಹತ್ತಿರ. ಹಿತ್ತಲು ದಾಟಿದರೆ ಗುಡ್ಡ, ಗುಡ್ಡಕ್ಕೆ ಕಾಲುದಾರಿ. ದಾರಿ ಶುರುವಾಗುವ ಕಡೆ ಒಂದು ಬೋರ್ಡ್ ಇದೆ: ಇಲ್ಲಿ ಮೌಂಟನ್ ಲಯನ್ ಓಡಾಡುತ್ತದೆ, ಎದುರಾದರೆ ಹೀಗೆ ಮಾಡಿ, ಹೀಗೆ ಮಾಡಬೇಡಿ ಅಂತ. ಅಕ್ಕನಿಗೆ ದಿನಾ ಬೆಳಿಗ್ಗೆ, ಸಂಜೆ ನಡೆಯುವ ರೂಢಿ. ಅಲ್ಲಿ ಜೊತೆಗೆ ನಾಲ್ಕು ವರ್ಷದ ಮೊಮ್ಮಗನೂ ನಾಯಿಯೂ ಇರುತ್ತವೆ. ಅವಳಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಅದಕ್ಕೇ ಮಗಳು ಬೋರ್ಡಿನ ಫೋಟೊ ಕಳಿಸಿ, ‘ಚಿಕ್ಕಿ, ಇದನ್ನು ಅಮ್ಮಂಗೆ ಅರ್ಥ ಆಗೋ ಹಂಗೆ ಕನ್ನಡದಲ್ಲಿ ಬರೆದುಕೊಡು. ಇಲ್ಲಿಗೆ ಬರೋ ಬೇರೆಯವರ ಅಪ್ಪ ಅಮ್ಮಂಗೂ ಕೊಡ್ತೀನಿ’ ಅಂದಳು.

ಮೊದಲು ಫೋನಿನಲ್ಲೇ ಅನುವಾದ ಮಾಡಿಸಿ ನೋಡಿದೆ. ‘ಪರ್ವತ ಸಿಂಹ’ ಅಂತ ಬಂತು. ಅದನ್ನು ‘ಬೆಟ್ಟದ ಸಿಂಹ’ ಮಾಡಿ ಅಕ್ಕನಿಗೆ ಓದಿ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು: ‘ಸಿಂಹ ಅಂದ್ರೆ ತ್ಯಾವರೆಕೊಪ್ಪದಲ್ಲಿ ಇದ್ಯಲ್ಲ, ಅದೇ ತಾನೆ? ಅದು ದೂರದಿಂದ್ಲೇ ಕಾಣ್ತದಲ್ಲೇ. ಕಂಡ್ರೆ ಮನೆಗೆ ಬಂದ್ರಾಯ್ತು.’

ಅಲ್ಲೇ ನನಗೆ ಭಯ ಆಯಿತು. ಶಿವಮೊಗ್ಗ ಕಡೆಯವರು ಸಿಂಹ ನೋಡಿದ್ದರೆ ಅದು ಸಾಗರ ರಸ್ತೆಯ ತ್ಯಾವರೆಕೊಪ್ಪದ ಹುಲಿ ಸಿಂಹಧಾಮದಲ್ಲೇ. ಸಫಾರಿ ಬಸ್ಸಿನ ಜಾಲರಿ ಹಿಂದೆ ಕೂತು ನೋಡುವ, ಕೇಸರ ಹೊತ್ತ, ಬಿಸಿಲಲ್ಲಿ ಮಲಗಿದ ಪ್ರಾಣಿ. ಹೆಸರು ಕೇಳಿದ ಕೂಡಲೇ ಅಕ್ಕನ ಕಣ್ಣ ಮುಂದೆ ಬಂದದ್ದು ಅದು. ಗುಡ್ಡದ ದಾರಿಯಲ್ಲಿ ಅವಳು ಹುಡುಕುವುದೂ ಅದನ್ನೇ. ಆದರೆ ಮೌಂಟನ್ ಲಯನ್‌ಗೆ ಕೇಸರ ಇಲ್ಲ. ಅದು ಸಿಂಹದ ಹಾಗೆ ಗುಂಪಲ್ಲಿ ಇರುವುದಿಲ್ಲ, ಘರ್ಜಿಸುವುದಿಲ್ಲ. ಒಂಟಿಯಾಗಿ, ಸದ್ದಿಲ್ಲದೆ ಪೊದೆಯ ಮರೆಯಲ್ಲಿ ಹೊಂಚು ಹಾಕುತ್ತದೆ. ಸಂಜೆಯಿಂದ ಬೆಳಗಿನವರೆಗೆ ಅದರ ಓಡಾಟ ಜಾಸ್ತಿ. ಮುಖ್ಯ ಆಹಾರ ಜಿಂಕೆ, ಕೆಲವೊಮ್ಮೆ ನಾಯಿ. ದೊಡ್ಡ ಗಂಡು 60–70 ಕೆ.ಜಿ. ತೂಗುತ್ತದೆ, ಹೆಚ್ಚುಕಡಿಮೆ ನಮ್ಮ ಗಂಡು ಚಿರತೆಯಷ್ಟು.

‘ಸಿಂಹ ಅಲ್ಲ ಅಕ್ಕ, ಚುಕ್ಕೆ ಇಲ್ಲದ ಕಿರುಬ (ಅಂದರೆ ಚಿರತೆ) ಅಂದ್ಕೋ’ ಅಂದೆ. ಅಷ್ಟು ಸಾಕಾಯಿತು. ‘ಹಂಗೆ ಹೇಳು ಮಾರಾಯ್ತಿ! ಹಂಗಾರೆ ಕತ್ತಲೆ ಮುಂಚೆ ಒಳಗೆ ಬರ್ಬೇಕು. ಮಾಣಿನ ಮುಂದೆ ಓಡ್ಲಿಕ್ಕೆ ಬಿಡಬಾರ್ದು. ನಾಯಿನ ಹಗ್ಗದಲ್ಲೇ ಹಿಡ್ಕೋಬೇಕು.’ ಬೋರ್ಡಿನ ಅರ್ಧ ಭಾಗವನ್ನು ಅವಳೇ ಹೇಳಿಬಿಟ್ಟಳು. ಎರಡು ಸಲ ಕೊಟ್ಟಿಗೆ ನಾಯಿಯನ್ನು ಕಳೆದುಕೊಂಡ ಮನೆ ಅವಳದು.

ಹಾಗಾಗಿ ನನ್ನ ಮೊದಲ ಪ್ರಶ್ನೆ ಈ ಹೆಸರಿನದು. ಇಂಗ್ಲಿಷಿನಲ್ಲೇ ಈ ಪ್ರಾಣಿಗೆ 40ಕ್ಕೂ ಹೆಚ್ಚು ಹೆಸರಿವೆಯಂತೆ. ಪ್ಯೂಮಾ, ಕೂಗರ್, ಪ್ಯಾಂಥರ್ ಎಲ್ಲ ಇದೇ. ಕೆನಡಾದ ಉತ್ತರದಿಂದ ದಕ್ಷಿಣ ಅಮೆರಿಕದ ತುದಿಯವರೆಗೆ ಹಬ್ಬಿರುವ ಪ್ರಾಣಿ, ಹೋದಲ್ಲೆಲ್ಲ ಒಂದೊಂದು ಹೆಸರು. ಪ್ಯೂಮಾ ಅನ್ನುವುದು ಆಂಡೀಸ್ ಬೆಟ್ಟಗಳ ಕೆಚುವಾ ಭಾಷೆಯ ಮಾತು. ಸಿಂಹ ಅಂತ ಕರೆದವರು ಆಮೇಲೆ ಯುರೋಪಿನಿಂದ ಹೋದವರು. ಮೈ ಬಣ್ಣ ನೋಡಿ, ಹೆಣ್ಣು ಸಿಂಹದ ಹಾಗಿದೆ ಅಂದುಕೊಂಡರು. ಪ್ರಾಣಿಗಳಿಗೆ ವೈಜ್ಞಾನಿಕ ಹೆಸರಿಟ್ಟ ವಿಜ್ಞಾನಿ ಲಿನೆಯಸ್ 1771ರಲ್ಲಿ ಕೊಟ್ಟ ಕಾನ್‌ಕಲರ್ ಅನ್ನುವ ಹೆಸರಿಗೆ ‘ಒಂದೇ ಬಣ್ಣದ್ದು’ ಅಂತ ಅರ್ಥ. ವಂಶ ನೋಡಿದರೆ ಅದು ಸಿಂಹಕ್ಕೂ ಹತ್ತಿರ ಇಲ್ಲ, ಚಿರತೆಗೂ ಹತ್ತಿರ ಇಲ್ಲ. ತೀರಾ ಹತ್ತಿರದ ನೆಂಟ ಜಾಗ್ವಾರುಂಡಿ ಅನ್ನುವ ಅಮೆರಿಕದ ಸಣ್ಣ ಕಾಡುಬೆಕ್ಕು, ಆಮೇಲೆ ಚೀತಾ.

ಚೀತಾ ಅಂದಾಗ ಇನ್ನೊಂದು ಗೊಂದಲ ನೆನಪಾಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ನಮೀಬಿಯಾದಿಂದ ಕುನೊ ಕಾಡಿಗೆ 8 ಚೀತಾ ಬಂದವಲ್ಲ, ಆಗ ಎಷ್ಟು ಜನ ಅವನ್ನು ‘ಚಿರತೆ’ ಅಂದರು! ನಮ್ಮೂರ ಹೋಟೆಲಿನಲ್ಲಿ ಒಬ್ಬರು, ‘ನಮ್ಮಲ್ಲೇ ಬೇಕಾದಷ್ಟು ಇದಾವಲ್ಲ, ಅಷ್ಟು ದೂರದಿಂದ ಯಾಕೆ ತರ್ತಾರೆ’ ಅಂತ ನಿಜವಾಗಿ ಕೇಳಿದರು. ಅವರ ಪ್ರಶ್ನೆ ಸರಿಯಾಗಿಯೇ ಇತ್ತು, ಹೆಸರು ತಪ್ಪಾಗಿತ್ತು. ಕಿರುಬ ಅನ್ನುವ ಪದಕ್ಕೂ ಇದೇ ತೊಂದರೆ ಇದೆ. ನಮ್ಮ ಕಡೆ ಕಿರುಬ ಅಂದರೆ ಚಿರತೆ. ಕೆಲವರು ಕುರ್ಕ ಅಂತಲೂ ಅನ್ನುತ್ತಾರೆ. ಬಯಲುಸೀಮೆಯವರಿಗೆ ಕಿರುಬ ಅಂದ ಕೂಡಲೇ ಕತ್ತೆಕಿರುಬ ನೆನಪಾಗುತ್ತದೆ. ಮಗಳು ಈ ಹಾಳೆಯನ್ನು ದಾವಣಗೆರೆಯವರಿಗೂ ಕೊಡುತ್ತಾಳೆ, ಕಲಬುರಗಿಯವರಿಗೂ ಕೊಡುತ್ತಾಳೆ. ಅವರ ಕಣ್ಣ ಮುಂದೆ ಕತ್ತೆಕಿರುಬ ಬಂದರೆ ಕಷ್ಟ.

ಹಾಳೆಯಲ್ಲಿ ಸದ್ಯ ಹೀಗೆ ಬರೆದಿದ್ದೇನೆ: ‘ಪ್ಯೂಮಾ. ಚಿರತೆಯಷ್ಟೇ ದೊಡ್ಡದು, ಚಿರತೆಯ ಹಾಗೇ ಹೊಂಚು ಹಾಕುವುದು. ಮೈಮೇಲೆ ಚುಕ್ಕೆ ಇಲ್ಲ, ಕೆಂದ ದನದ ಬಣ್ಣ, ಉದ್ದ ಬಾಲ.’ ಪ್ಯೂಮಾ ಹೆಸರು ಶೂ ಕಂಪನಿಯಿಂದಾಗಿ ಮಕ್ಕಳಿಗೂ ಗೊತ್ತು, ಆ ಶೂ ಮೇಲೆ ಹಾರುತ್ತಿರುವುದೂ ಇದೇ ಪ್ರಾಣಿ. ಕನ್ನಡದ್ದೇ ಬೇಕು ಅಂದರೆ ‘ಕೆಂಗಿರುಬ’ ಆಗುತ್ತದೆಯೇ? ಕೆನ್ನಾಯಿ, ಕೆಂಗಣ್ಣು ಇದ್ದ ಹಾಗೆ. ಕಿವಿಗೆ ನನಗೆ ಬಹಳ ಹಿಡಿಸಿದೆ. ಆದರೆ ಕಿರುಬದ ಗೊಂದಲ ಅದರಲ್ಲೂ ಉಳಿಯುತ್ತದೆ, ಅಲ್ವಾ? ‘ಕಾಡುಬೆಕ್ಕು’ ಬೇಡವೇ ಬೇಡ. ಅದನ್ನು ಕೇಳಿ ಯಾರೂ ಮಗುವಿನ ಕೈ ಹಿಡಿದುಕೊಳ್ಳುವುದಿಲ್ಲ.

ಹುಲಿ, ಸಿಂಹ ಬೆರೆತುಹೋಗುವುದು ನಮ್ಮಲ್ಲಿ ಹೊಸದಲ್ಲ, ಅದೂ ಇಲ್ಲಿ ಹೇಳಬೇಕು. ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ ನಡೆಯಿತು ಅನ್ನುವ ಸಳನ ಕಥೆಯಲ್ಲಿ ಬರುವುದು ಹುಲಿ. ಅದೇ ಕಥೆಯ ಲಾಂಛನವನ್ನು ಕಲ್ಲಿನಲ್ಲಿ ನೋಡಿದರೆ ಕಾಣುವುದು ಸಿಂಹದಂಥ ಪ್ರಾಣಿ. ಬಳ್ಳಿಗಾವಿಯ ಕೇದಾರೇಶ್ವರ ಗುಡಿಯ ಮೇಲೂ ಇದೆ, ಶಿಕಾರಿಪುರ ಕಡೆ ಹೋದವರು ನೋಡಿ. ಕಾಡಲ್ಲಿ ಕಂಡದ್ದು ಹುಲಿ, ಶಿಲ್ಪಕ್ಕೆ ಬೇಕಾದದ್ದು ಸಿಂಹ. ನಮ್ಮ ಜಿಲ್ಲೆಯಲ್ಲಿ ಹುಲಿಕಲ್ ಇದೆ. ಹುಲಿಯನ್ನು ಇಲ್ಲಿಯ ಜನ ನೆಲಕ್ಕೇ ಹೆಸರಾಗಿ ಕೊಟ್ಟಿದ್ದಾರೆ.

ಈಗ ಹೆಸರಿಗಿಂತ ಮುಖ್ಯವಾದದ್ದಕ್ಕೆ ಬರುತ್ತೇನೆ. ಹೆಸರು ತಪ್ಪಿದರೂ ಹೇಗೋ ನಡೆದೀತು, ಕ್ರಿಯಾಪದ ತಪ್ಪಿದರೆ ಜೀವಕ್ಕೆ ಅಪಾಯ. ಫೋನಿನ ಅನುವಾದ ನೋಡಿ ನನಗೆ ನಿಜಕ್ಕೂ ಮೈ ನಡುಗಿತು.

ಬೋರ್ಡಿನಲ್ಲಿ ಇರುವುದು, ಪ್ರಾಣಿಗೆ ಬೆನ್ನು ಹಾಕಬೇಡಿ, ಅದರ ಕಡೆ ಮುಖ ಮಾಡಿ ನಿಲ್ಲಿ ಅಂತ. ಅನುವಾದದಲ್ಲಿ ಬಂದದ್ದು, ‘ಸಿಂಹವನ್ನು ಎದುರಿಸಿ’. ಕನ್ನಡದಲ್ಲಿ ಎದುರಿಸು ಅಂದರೆ ಸೆಣಸು, ಮೇಲೆ ಹೋಗು. ಕಷ್ಟ ಎದುರಿಸುತ್ತೇವೆ, ಶತ್ರುವನ್ನು ಎದುರಿಸುತ್ತೇವೆ. ಸುಮ್ನೆ ಮುಖ ತಿರುಗಿಸಿ ನಿಲ್ಲುವುದಕ್ಕೆ ಯಾರೂ ಎದುರಿಸು ಅನ್ನುವುದಿಲ್ಲ. ಅಕ್ಕ ಇದನ್ನು ಕೇಳಿ, ‘ನಾನೇ ಹೋಗಿ ಹೊಡೀಬೇಕಾ?’ ಅಂದಳು. ‘ಅದರ ಕಡೆಗೇ ಮುಖ ಮಾಡಿ ನಿಲ್ಲಿ’ ಅಂತ ತಿದ್ದಿದೆ.

ಮುಂದಿನದು ಇನ್ನೂ ಅಪಾಯದ್ದು. ಅದರ ಮೇಲೆ ಕಣ್ಣಿಟ್ಟುಕೊಂಡೇ ನಿಧಾನಕ್ಕೆ ಹಿಂದೆ ಸರಿಯಬೇಕು. ಅನುವಾದ: ‘ನಿಧಾನವಾಗಿ ಹಿಂದಕ್ಕೆ ಹೋಗಿ’. ನಮ್ಮಲ್ಲಿ ಒಬ್ಬರಿಗೆ ‘ಹಿಂದಕ್ಕೆ ಹೋಗು’ ಅಂದರೆ ಅವರು ಏನು ಮಾಡುತ್ತಾರೆ? ತಿರುಗಿ, ಬಂದ ದಾರಿಯಲ್ಲಿ ನಡೆಯುತ್ತಾರೆ. ಅಂದರೆ ಪ್ರಾಣಿಗೆ ಬೆನ್ನು ಕೊಡುತ್ತಾರೆ. ಯಾವುದನ್ನು ಮಾಡಲೇಬಾರದೋ ಅದನ್ನೇ ಮಾಡಿ ಅಂತ ಹೇಳಿದ ಹಾಗಾಯಿತು. ‘ಹಿಂತಿರುಗಿ’ ಅಂದರಂತೂ ತಿರುಗುವುದು ಆ ಮಾತಿನಲ್ಲೇ ಇದೆ. ‘ಹಿಮ್ಮೆಟ್ಟಿ’ ಒಳ್ಳೆಯ ಪದ, ಹಿಂದಕ್ಕೆ ಮೆಟ್ಟುವುದು, ಹೆಜ್ಜೆ ಹಿಂದೆ ಇಡುವುದು. ಆದರೆ ಇವತ್ತು ಅದನ್ನು ಸೈನ್ಯ ಸೋತು ಓಡುವುದಕ್ಕೂ ಬಳಸುತ್ತೇವೆ. ಅಕ್ಕ ಹೇಳಿಕೊಟ್ಟದ್ದು: ‘ತಿರುಗದೆ, ಒಂದೊಂದೇ ಹೆಜ್ಜೆ ಹಿಂದ್ಹಿಂದೆ ಸರೀಬೇಕು.’ ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬಂದಿಲ್ಲ. ‘ಹಿಂದ್ಹಿಂದೆ’ ಅಂತ ಎರಡು ಸಲ ಹೇಳಿದಾಗ ನಿಧಾನ ಅನ್ನುವುದೂ ಅದರೊಳಗೇ ಬಂದುಬಿಡುತ್ತದೆ. ಒಂದೇ ಪದ ಬೇಕು ಅನ್ನುವವರು ಇದ್ದರೆ ಹೇಳಿ.

ಕಣ್ಣಿನ ಮಾತು ಇನ್ನೊಂದು. ‘ಕಣ್ಣಲ್ಲಿ ಕಣ್ಣಿಟ್ಟು ನೋಡಿ’ ಅಂತ ಮೊದಲು ನಾನೇ ಬರೆದಿದ್ದೆ. ಓದಿದಾಗ ತಪ್ಪು ಗೊತ್ತಾಯಿತು. ಬಾಣಂತಿಯನ್ನು, ಕೂಸನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತೇವೆ. ಅದು ಪ್ರೀತಿಯ ಮಾತು. ಇಲ್ಲಿಗೆ ‘ಅದರ ಮೇಲಿನ ಕಣ್ಣು ತೆಗೆಯಬೇಡಿ’ ಸಾಕು.

ತಿರುಗಿಬೀಳುವುದು ಅನ್ನುವ ನುಡಿಗಟ್ಟನ್ನೂ ತೆಗೆದೆ. ಪ್ಯೂಮಾ ಮೈಮೇಲೆ ಬಂದೇಬಿಟ್ಟರೆ ಸುಮ್ಮನೆ ಮಲಗಬಾರದು, ಕೈಗೆ ಸಿಕ್ಕಿದ್ದರಲ್ಲಿ ಹೊಡೆದಾಡಬೇಕು, ತಲೆ, ಕುತ್ತಿಗೆ ಕಾಪಾಡಿಕೊಳ್ಳಬೇಕು. ‘ತಿರುಗಿಬೀಳಿ’ ಅಂದರೆ ಓದಿದವರಿಗೆ ಅರ್ಥ ಆಗುತ್ತದೆ. ಆದರೆ ಗಾಬರಿಯಲ್ಲಿ ಇರುವವರಿಗೆ ‘ತಿರುಗಿ’, ‘ಬೀಳಿ’ ಎರಡೂ ನೆನಪಿಗೆ ಬರಬಾರದ ಮಾತುಗಳು. ‘ಹೊಡೀರಿ, ಬಿಡಬೇಡಿ’ ಅಂತ ಬರೆದಿದ್ದೇನೆ. ಸಳನಿಗೆ ಅವನ ಗುರು ಹೇಳಿದ್ದೂ ಇಷ್ಟೇ ಅಲ್ವಾ, ‘ಹೊಯ್’.

ಸತ್ತ ಹಾಗೆ ಮಲಗುವುದು ನಮ್ಮೆಲ್ಲರ ತಲೆಯಲ್ಲಿ ಚಿಕ್ಕಂದಿನಿಂದ ಕೂತಿದೆ. ಕರಡಿ ಬಂದು ಮೂಸಿ, ಕಿವಿಯಲ್ಲಿ ಏನೋ ಹೇಳಿ ಹೋದ ಕಥೆ. ಅಕ್ಕನೂ ಅದನ್ನೇ ಕೇಳಿದಳು. ಅಮೆರಿಕದಲ್ಲಿ ಗ್ರಿಜ್ಲಿ ಕರಡಿ ದಾಳಿ ಮಾಡಿದರೆ ಬೋರಲು ಮಲಗಿ ಕುತ್ತಿಗೆ ಮುಚ್ಚಿಕೊಳ್ಳಿ ಅನ್ನುತ್ತಾರೆ. ಪ್ಯೂಮಾಗೆ ಅದು ಪೂರ್ತಿ ತಪ್ಪು. ಹಾಗಾಗಿ ‘ಕರಡಿ ಕಥೆ ಇದಕ್ಕೆ ನಡೆಯುವುದಿಲ್ಲ’ ಅಂತ ಹಾಳೆಯಲ್ಲಿ ಒಂದು ಸಾಲು ಸೇರಿಸಿದೆ. ಅಲ್ಲಿಯ ಬೋರ್ಡಿನಲ್ಲಿ ಆ ಸಾಲು ಇಲ್ಲ, ನಮ್ಮವರಿಗೆ ಬೇಕು.

‘ದೊಡ್ಡದಾಗಿ ಕಾಣಿಸಿಕೊಳ್ಳಿ’ ಅನ್ನುವುದಕ್ಕೆ ‘ನಿಗುರಿ ನಿಲ್ಲಿ’ ಹಾಕಿದ್ದೇನೆ. ಕೈ ಮೇಲೆತ್ತಿ, ಶಾಲೋ ಸ್ವೆಟರೋ ಇದ್ದರೆ ಅಗಲ ಮಾಡಿ ನಿಗುರಿ ನಿಲ್ಲುವುದು. ‘ಸೆಟೆದು ನಿಲ್ಲಿ’ ಅಂದರೆ ಜಂಬದ ಅರ್ಥ ಬರುತ್ತದೆ. ಬಗ್ಗುವುದು, ಕುಕ್ಕರುಗಾಲಲ್ಲಿ ಕೂರುವುದು ಕೂಡದು, ಹಾಗೆ ಕೂತ ಮನುಷ್ಯ ಅದರ ಕಣ್ಣಿಗೆ ನಾಲ್ಕು ಕಾಲಿನ ಸಣ್ಣ ಪ್ರಾಣಿಯ ಹಾಗೆ ಕಾಣುತ್ತಾನೆ. ಇದನ್ನು ಅಕ್ಕನಿಗೆ ವಿವರಿಸುವುದೇ ಬೇಕಾಗಲಿಲ್ಲ. ಬ್ಯಾಣದ (ಹುಲ್ಲುಗಾವಲಿನ) ಅಂಚಿನಲ್ಲಿ ಬಗ್ಗಿ ದರಗು (ಒಣಗಿದ ಎಲೆ) ಗುಡಿಸುವಾಗ ಒಬ್ಬರಾದರೂ ನಿಂತು ಸುತ್ತ ನೋಡುತ್ತಿರಬೇಕು ಅನ್ನುವುದು ಅವಳ ಅತ್ತೆಯ ಕಾಲದಿಂದ ಬಂದ ನಿಯಮ.

ಧ್ವನಿಗೆ ಒಳ್ಳೆಯ ಪದ ತಾನಾಗಿ ಸಿಕ್ಕಿತು: ಗದರಿಸಿ. ಕಿರುಚುವುದಲ್ಲ, ದೂರದವರನ್ನು ಕರೆಯಲು ಮಲೆನಾಡಿನವರು ಕೂಕುಳು ಹಾಕುವ ಹಾಗೂ ಅಲ್ಲ. ಗದ್ದೆಗೆ ನುಗ್ಗಿದ ದನಕ್ಕೆ ಗದರಿಸುವ ಹಾಗೆ ದಪ್ಪ ಧ್ವನಿಯಲ್ಲಿ, ಗಟ್ಟಿಯಾಗಿ. ‘ಅದಕ್ಕೆ ದಾರಿ ಬಿಡಿ’ ಅನ್ನುವುದೂ ಹಾಗೇ. ತಪ್ಪಿಸಿಕೊಂಡು ಹೋಗಲು ಅದಕ್ಕೆ ಜಾಗ ಇರಬೇಕು ಅಂತ ಬೋರ್ಡ್ ಉದ್ದಕ್ಕೆ ಹೇಳಿದ್ದು ನಮ್ಮಲ್ಲಿ ಎರಡು ಮಾತಲ್ಲಿ ಮುಗಿಯಿತು.

ಇನ್ನು ತಲೆಬರಹ. ಇಂಥ ಪ್ರಾಣಿಗಳಿಗೆಲ್ಲ ಸೇರಿ ಒಂದು ಹೆಸರು ಬೇಕು. ಪರಭಕ್ಷಕ ಅಂದರೆ ಪುಸ್ತಕದ ಮಾತು. ‘ಬೇಟೆ ಪ್ರಾಣಿ’ ಅಂದರೆ ಬೇಟೆಯಾಡುವುದೋ, ಬೇಟೆಯಾಗುವುದೋ ಗೊತ್ತಾಗುವುದಿಲ್ಲ. ಪತ್ರಿಕೆಯವರ ‘ಕ್ರೂರಮೃಗ’ ನನಗೆ ಸುತರಾಂ ಬೇಡ. ಹಸಿದ ಪ್ರಾಣಿ ಜಿಂಕೆ ಹಿಡಿದರೆ ಅದರಲ್ಲಿ ಕ್ರೌರ್ಯ ಎಲ್ಲಿ ಬಂತು? ನಾಯಿ ಹಿಡಿದ ಚಿರತೆಯನ್ನೂ ಕೆಲವರು ‘ನರಭಕ್ಷಕ’ ಅಂದುಬಿಡುತ್ತಾರೆ. ಆ ಒಂದು ಪದಕ್ಕೆ ಊರೆಲ್ಲ ದೊಣ್ಣೆ ಹಿಡಿದು ಸೇರುತ್ತದೆ. ಬೋನಿಗೆ ಬಿದ್ದ ಚಿರತೆಯ ಸುತ್ತ ಜನ ಮೊಬೈಲ್ ಹಿಡಿದು ಮುತ್ತಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದು ಸರಳಿಗೆ ಮುಖ ಬಡಿದುಕೊಂಡು ರಕ್ತ ಮಾಡಿಕೊಂಡಿತ್ತು. ಆವತ್ತಿನಿಂದ ಆ ಎರಡು ಪದ ನಾನು ಬಳಸುವುದಿಲ್ಲ. ಉತ್ತರ ಅಮೆರಿಕದಲ್ಲಿ ಪ್ಯೂಮಾ ದಾಳಿಗೆ ಸತ್ತವರು ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಸುಮಾರು 30 ಜನ. ಅಕ್ಕನಿಗೆ ಎಚ್ಚರ ಇರಬೇಕು, ಹೆದರಿ ಮನೆಯೊಳಗೆ ಕೂರಬಾರದು. ‘ಹೊಂಚು ಹಾಕುವ ಪ್ರಾಣಿಗಳು’ ಅಂತ ಸದ್ಯಕ್ಕೆ ಹಾಕಿದ್ದೇನೆ. ತೋಳ, ಸೀಳುನಾಯಿ ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತವೆ, ಅವು ಇದರಲ್ಲಿ ಸೇರುವುದಿಲ್ಲ ಅನ್ನುವುದು ಗೊತ್ತು.

ತಿದ್ದಿದ ಹಾಳೆ ಈಗ ಹೀಗಿದೆ:

‘ಓಡಬೇಡಿ. ಅದರ ಕಡೆಗೇ ಮುಖ ಮಾಡಿ ನಿಲ್ಲಿ. ಕಣ್ಣು ತೆಗೆಯಬೇಡಿ. ಮಗುವನ್ನು ಎತ್ತಿಕೊಳ್ಳಿ, ಎತ್ತುವಾಗ ಆದಷ್ಟು ಬಗ್ಗಬೇಡಿ. ಕೈ ಮೇಲೆತ್ತಿ ನಿಗುರಿ ನಿಲ್ಲಿ. ದಪ್ಪ ಧ್ವನಿಯಲ್ಲಿ ಗದರಿಸಿ. ಅದಕ್ಕೆ ದಾರಿ ಬಿಡಿ. ತಿರುಗದೆ, ಒಂದೊಂದೇ ಹೆಜ್ಜೆ ಹಿಂದ್ಹಿಂದೆ ಸರಿಯಿರಿ. ಹತ್ತಿರ ಬಂದರೆ ಕೈಯಲ್ಲಿದ್ದದ್ದನ್ನು ಎಸೆಯಿರಿ. ಮೈಮೇಲೆ ಬಂದರೆ ಹೊಡೀರಿ, ಬಿಡಬೇಡಿ. ಕರಡಿ ಕಥೆ ಇದಕ್ಕೆ ನಡೆಯುವುದಿಲ್ಲ.’

ನನ್ನ ಪ್ರಶ್ನೆಗಳು ಇವು. ಶಿರಸಿ, ಕೊಪ್ಪ, ಶೃಂಗೇರಿ, ಸಕಲೇಶಪುರ ಕಡೆಯವರು ಚಿರತೆಗೆ ಮನೆಮಾತಿನಲ್ಲಿ ಏನನ್ನುತ್ತೀರಿ? ಕಿರುಬ ಅಂದರೆ ಚಿರತೆ ಅನ್ನುವ ಗಡಿ ಎಲ್ಲಿ ಮುಗಿದು, ಕತ್ತೆಕಿರುಬದ ಸೀಮೆ ಎಲ್ಲಿ ಶುರುವಾಗುತ್ತದೆ? ಬೆನ್ನು ತೋರಿಸದೆ ಹಿಂದೆ ಸರಿಯುವುದಕ್ಕೆ ನಿಮ್ಮ ಊರಲ್ಲಿ ಬೇರೆ ಪದ ಇದೆಯೇ? ಯಕ್ಷಗಾನದವರು, ದನ ಕಾಯುವವರು, ಗರಡಿಮನೆಯವರು ಏನನ್ನುತ್ತಾರೆ ಅಂತ ಕೇಳಿ ತಿಳಿಸಿದರೆ ಬಹಳ ಉಪಕಾರ. ಬಯಲುಸೀಮೆಯವರು ಮೇಲಿನ ಹಾಳೆಯನ್ನು ಮನೆಯ ಹಿರಿಯರಿಗೆ ಒಮ್ಮೆ ಓದಿ ಹೇಳಿ. ‘ನಿಗುರಿ’ ಅವರಿಗೆ ಅರ್ಥ ಆಗದಿದ್ದರೆ ಬದಲಾಯಿಸುತ್ತೇನೆ.

ಅಕ್ಕ ದೀಪಾವಳಿ ಮುಗಿಸಿಕೊಂಡು ಹೊರಡುತ್ತಾಳೆ. ಹಾಳೆಯನ್ನು ಅದಕ್ಕೂ ಮುಂಚೆ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ ಅವಳ ಕೈಚೀಲದಲ್ಲಿ ಇಡಬೇಕು.

ಶಿವಮೊಗ್ಗದಿಂದ,
ನಿಮ್ಮ ಬಳಗದ ಒಬ್ಬಳು