ಅಪ್‌ಡೇಟ್: ಕಾರಿನ ರಿಮೋಟ್ ಕೀ ಮನೆಯಲ್ಲೇ ಸರಿಯಾಯ್ತು

ಅನ್‌ಲಾಕ್ ಬಟನ್ ಜೋರಾಗಿ ಒತ್ತಿದ್ರೆ ಮಾತ್ರ ಕೆಲಸ ಮಾಡುತ್ತೆ, ಸರ್ವಿಸ್ ಸೆಂಟರ್‌ನವರು ಹೊಸ ಕೀನೇ ತಗೊಳ್ಳಿ ಅಂತಾರೆ, ಏನ್ ಮಾಡ್ಲಿ ಅಂತ ಕೇಳಿದ್ದೆ. ಸ್ವಿಚ್ ಚೆಕ್ ಮಾಡಿ ಅಂದವರಿಗೆಲ್ಲ ದೊಡ್ಡ ಥ್ಯಾಂಕ್ಸ್.

ತೊಂದರೆ ಬ್ಯಾಟರಿದಲ್ಲ. ಸಿಆರ್2032 ಸೆಲ್ 3 ವೋಲ್ಟ್‌ಗಿಂತ ಮೇಲೇ ತೋರಿಸ್ತು. ಸೆಲ್ ತೆಗೆದಿಟ್ಟು, ಬೋರ್ಡಿನ ಮೇಲಿನ ಪುಟ್ಟ ಸ್ವಿಚ್‌ಗೆ ಮಲ್ಟಿಮೀಟರ್ ಹಿಡಿದೆ, ಸಂಪರ್ಕ ಸರಿಯಿದ್ರೆ ಬೀಪ್ ಅನ್ನೋ ಮೋಡ್‌ನಲ್ಲಿ. ಲಾಕ್ ಸ್ವಿಚ್ ಒತ್ತಿದಾಗಲೆಲ್ಲ ಬೀಪ್ ಬರ್ತಿತ್ತು, ಅನ್‌ಲಾಕ್‌ನಲ್ಲಿ ಒಮ್ಮೆ ಬಂದ್ರೆ ಇನ್ನೊಮ್ಮೆ ಇಲ್ಲ.

ಅದೇ ಅಳತೆಯ ಸ್ವಿಚ್ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್.ಪಿ. ರೋಡ್‌ನಲ್ಲಿ ಸಿಕ್ತು. ಹಳೇದನ್ನು ದಯವಿಟ್ಟು ಎಳೆದು ಕೀಳಬೇಡಿ, ಬೋರ್ಡಿನ ತಾಮ್ರವೇ ಎದ್ದು ಬರುತ್ತೆ. ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹರಿಯೋಕೆ ಹಚ್ಚೋ ಪೇಸ್ಟ್) ಹಚ್ಚಿ, ಸ್ವಿಚ್‌ನ ಕಾಲುಗಳಿಗೆ ಸ್ವಲ್ಪ ಹೊಸ ಸೋಲ್ಡರ್ (ಬೆಸುಗೆ ಲೋಹ) ಸೇರಿಸಿ ಕರಗಿಸಿದ್ರೆ ಸ್ವಿಚ್ ತಾನಾಗೇ ಜಾರುತ್ತೆ.

ಬಟನ್ ಮೇಲಿನ ರಬ್ಬರ್ ಹರಿದಿದ್ದರಿಂದ ಕೀಗೆ ಹೊಸ ಫ್ಲಿಪ್ ಕೇಸ್ (ಕೀ ಮಡಚಿ ಒಳಗೆ ಹೋಗೋ ಹೊರಕವಚ) ಕೂಡ ಹಾಕಿದೆ. ಇಲ್ಲಿ ಮಾತ್ರ ಹುಷಾರು! ಹಳೇ ಕೇಸ್ ಎಸೆಯೋ ಮುಂಚೆ ಮೂಲೆಯಲ್ಲಿ ಅಂಟಿಕೊಂಡಿರೋ ಪುಟ್ಟ ಕಪ್ಪು ಚಿಪ್ ಹುಡುಕಿ. ಕೆಲವು ಕೀಗಳಲ್ಲಿ ಅದು ಬೋರ್ಡಿನ ಮೇಲೇ ಇರುತ್ತೆ, ನನ್ನದರಲ್ಲಿ ಬೇರೆಯಾಗಿತ್ತು. ಅದು ಇಮ್ಮೊಬಿಲೈಸರ್‌ನ (ಸರಿಯಾದ ಕೀ ಇಲ್ಲದಿದ್ರೆ ಎಂಜಿನ್ ಸ್ಟಾರ್ಟ್ ಆಗದಂತೆ ತಡೆಯೋ ವ್ಯವಸ್ಥೆ) ಟ್ರಾನ್ಸ್‌ಪಾಂಡರ್, ಅಂದ್ರೆ ಕೀಯ ಗುರುತನ್ನು ಕಾರಿಗೆ ತಿಳಿಸೋ ಚಿಪ್. ಬ್ಯಾಟರಿ ಬೇಡ, ಇಗ್ನಿಷನ್ ಸುತ್ತಲಿನ ಕಾಯಿಲ್‌ನಿಂದಲೇ ಪವರ್ ತಗೊಳ್ಳುತ್ತೆ. ಅದು ಹೊಸ ಕೇಸಿಗೆ ಹೋಗದಿದ್ರೆ ಬಾಗಿಲು ತೆರೆಯುತ್ತೆ, ಎಂಜಿನ್ ಮಾತ್ರ ಸ್ಟಾರ್ಟ್ ಆಗಲ್ಲ.

ಬೋರ್ಡ್, ಚಿಪ್, ಬ್ಲೇಡ್ (ಕೀಯ ಲೋಹದ ಭಾಗ) ಮೂರೂ ಹಳೇವೇ ಆದ್ದರಿಂದ ಪ್ರೋಗ್ರಾಮಿಂಗ್, ಅಂದ್ರೆ ಕೀಯನ್ನು ಕಾರಿಗೆ ಹೊಸದಾಗಿ ಹೊಂದಿಸೋದು, ಬೇಕಾಗಲಿಲ್ಲ. ಈಗ ಮೆಲ್ಲಗೆ ಒತ್ತಿದ್ರೂ ಬಾಗಿಲು ತೆರೆಯುತ್ತೆ. ಸ್ಪೇರ್ ಕೀಗೂ ಇದೇ ಸ್ವಿಚ್ ಹಾಕೋಣ ಅಂತಿದ್ದೀನಿ.