ಅಪ್ಪನ ಹಳೇ ವಿಸಿಆರ್ ಈಗಿನ ಟೀವಿಗೆ ಹಾಕಿದ್ರೆ ಬರೀ ಜುಂಯ್ ಅಂತದೆ, ಚಿತ್ರ ಇಲ್ಲ

ಡೊಂಬಿವಲಿ_ಲೋಕಲ್:
ನಮಸ್ಕಾರ. ಲಾಫ್ಟ್ ಕ್ಲೀನ್ ಮಾಡುವಾಗ ಅಪ್ಪನ ವಿಸಿಆರ್ ಸಿಕ್ಕಿತು, ಜೊತೆಗೆ ಏಳು ವಿಡಿಯೋ ಕ್ಯಾಸೆಟ್, ಒಂದರ ಮೇಲೆ ಅಮ್ಮನ ಕೈಬರಹದಲ್ಲಿ ‘ಮದುವೆ, ಉಡುಪಿ, 1991’ ಅಂತ ಉಂಟು. ಅಜ್ಜ ಓಡಾಡುವ ವಿಡಿಯೋ ಅಂತ ನಮ್ಮಲ್ಲಿ ಇರುವುದು ಅದೊಂದೇ. ಮಷಿನ್ ಆನ್ ಆಗ್ತದೆ, ಆದ್ರೆ ಟೀವಿಯಲ್ಲಿ ಹಳದಿ-ಬಿಳಿ-ಕೆಂಪು ತೂತೇ ಇಲ್ಲ ಮಾರಾಯ್ರೆ, ಇಯರ್‌ಫೋನ್ ತರದ್ದು ಒಂದು ಎವಿ ತೂತು, ಮತ್ತೆ ಎರಡು ಎಚ್‌ಡಿಎಂಐ. ಹಳೇ ಕ್ಯಾಮ್‌ಕಾರ್ಡರ್ ಕೇಬಲ್ (ಒಂದು ತುದಿಗೆ ಸಣ್ಣ ಪಿನ್, ಇನ್ನೊಂದಕ್ಕೆ ಮೂರು ಬಣ್ಣದ್ದು) ಹುಡುಕಿ ಹಾಕಿದ್ರೆ ಸ್ಪೀಕರಿನಿಂದ ಜುಂಯ್, ಸ್ಕ್ರೀನ್ ಕಪ್ಪು. ವಿಸಿಆರೇ ಹೋಗಿದ್ಯಾ? ಮದುವೆ ಕ್ಯಾಸೆಟ್ ಹಾಕಿ ನೋಡ್ಲಾ?

ಪುಣೆ_ಧಾರವಾಡ:
ಏ ತಡೀರಿ, ಮದುವಿ ಕ್ಯಾಸೆಟ್ ಮೊದ್ಲು ಹಾಕಬ್ಯಾಡ್ರಿ! ಒಳಗಿನ ರಬ್ಬರ್ ಬೆಲ್ಟ್ ಸಡ್ಲಾಗಿದ್ರ ಟೇಪ್ ತಿಂದ ಬಿಡತೈತಿ. ಬ್ಯಾಡಾದದ್ದು ಒಂದು ಹಾಕಿ ಎರಡು ನಿಮಿಷ ಓಡಿಸಿ ಹೊರಗ ತಗೀರಿ, ಟೇಪ್ ಜೋತು ಬಿದ್ದೈತೇನು ನೋಡ್ರಿ.
ಜುಂಯ್ ಅಂದ್ರ ವಿಡಿಯೋ ಸಿಗ್ನಲ್ ಆಡಿಯೋ ತಂತಿಗೆ ಹೊಂಟೈತಿ, ಅಂದ್ರ ಮಷಿನ್ ಏನೋ ಕಳಸಾಕತ್ತೈತಿ, ಖುಷಿ ಪಡ್ರಿ. ಆ ಸಣ್ಣ ಪಿನ್ನಿನ್ಯಾಗ ನಾಲ್ಕು ಪಟ್ಟಿ ಇರ್ತಾವ, ಯಾವ ಪಟ್ಟಿಗೆ ಯಾವ ತಂತಿ ಅನ್ನೋದು ಕಂಪ್ನಿಗೊಂದು ತರ. ಕೆಂಪು ಪಿನ್ ತಗದು ವಿಸಿಆರಿನ ಹಳದಿ ತೂತಿಗೆ ಹಚ್ರಿ, ಆಗ್ಲಿಲ್ಲಂದ್ರ ಬಿಳಿದು, ಏನೂ ಸುಡಂಗಿಲ್ಲ. ಅದೂ ಆಗ್ಲಿಲ್ಲಂದ್ರ ಎವಿಯಿಂದ ಎಚ್‌ಡಿಎಂಐ ಮಾಡೋ ಡಬ್ಬಿ ಬೇಕು, ಮುಂಬೈ ಲ್ಯಾಮಿಂಗ್ಟನ್ ರೋಡಿನ್ಯಾಗ ಕೇಳ್ರಿ, ನಾ ಇಲ್ಲೇ ಪುಣೆ ತಪಕೀರ್ ಗಲ್ಲ್ಯಾಗ ತಗೊಂಡೆ. ಎಚ್‌ಡಿಎಂಐಯಿಂದ ಎವಿ ಮಾಡೋದೂ ಥೇಟ್ ಹಂಗ ಇರತೈತಿ, ನಾ ಒಮ್ಮೆ ಉಲ್ಟಾ ತಂದು ಎರಡು ದಿನ ವಿಸಿಆರಿಗೆ ಬೈದೀನಿ. ಡಬ್ಬಿಗೆ ಯುಎಸ್‌ಬಿ ಕರೆಂಟೂ ಕೊಡಬೇಕು, ಮರೀಬ್ಯಾಡ್ರಿ.

ವಾಸ್ಕೋದವ:
ಕೇಬಲ್ ಆಮೇಲೆ, ಮೊದಲು ಬೂಷ್ಟು ನೋಡಿ. ಇಲ್ಲಿ ಗೋವಾದಲ್ಲೂ ನಿಮ್ಮಲ್ಲೂ ಮಳೆಗಾಲ ಒಂದೇ ತರ. ಕ್ಯಾಸೆಟ್ಟಿನ ಕಿಟಕಿಗೆ ಟಾರ್ಚ್ ಓರೆಯಾಗಿ ಹಿಡೀರಿ, ಸುರುಳಿ ನುಣ್ಣಗೆ ಕಪ್ಪಗಿದ್ರೆ ಸರಿ, ಹಳೇ ಉಪ್ಪಿನಕಾಯಿ ಮೇಲೆ ಬರುತ್ತಲ್ಲ ಹಾಗೆ ಬಿಳಿ ಇದ್ರೆ ಮಷಿನ್ನಿಗೆ ಹಾಕಲೇಬೇಡಿ, ಒಳಗೆ ಟೇಪ್ ಓದುವ ಹೆಡ್ಡಿಗೆ ಅಂಟಿ ಅಲ್ಲಿಂದ ಉಳಿದ ಆರಕ್ಕೂ ಹಬ್ಬುತ್ತೆ.

ಅಂಧೇರಿ_ಅಣ್ಣ:
ಹೆಡ್ ಗಲೀಜಾದ್ರೆ ಇಯರ್‌ಬಡ್ಡಿಗೆ ಸ್ಪಿರಿಟ್ ಹಾಕಿ ಉಜ್ಜಿದ್ರಾಯ್ತು, ಅಷ್ಟೇನು ಹೆದರ್ಬೇಡಿ.

ವಾಸ್ಕೋದವ:
ಅಣ್ಣ, ದಯವಿಟ್ಟು ಬೇಡ. ಹತ್ತಿ ಎಳೆ ಹೆಡ್ಡಿನ ತುದಿಗೆ ಸಿಕ್ಕಿದ್ರೆ ಮುರೀತು ಅಂತಲೇ. ಪ್ಲಗ್ ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಷಾಮಿ ಲೆದರನ್ನ (ಮೆತ್ತನೆ ಒರೆಸುವ ಚರ್ಮ) ಹೆಡ್ ಕೂತಿರುವ ಡ್ರಮ್ಮಿಗೆ ಮೆತ್ತಗೆ ತಾಗಿಸಿ ಹಿಡಿದು ಡ್ರಮ್ಮನ್ನೇ ಕೈಯಲ್ಲಿ ತಿರುಗಿಸಬೇಕು, ಮೇಲೆ ಕೆಳಗೆ ಉಜ್ಜೋದಲ್ಲ. ಹೊಸ ಮಷಿನ್ ಎಲ್ಲಿಂದ ತರ್ತೀರಿ, ಕೊನೆವರೆಗೆ ವಿಸಿಆರ್ ಮಾಡ್ತಿದ್ದ ಜಪಾನಿನ ಫುನಾಯ್ ಕಂಪ್ನಿ ಕೂಡ 2016ರ ಜುಲೈಯಲ್ಲೇ ನಿಲ್ಲಿಸ್ತು.

ಡೊಂಬಿವಲಿ_ಲೋಕಲ್:
ಕೆಂಪು ಪಿನ್ ಹಳದಿಗೆ ಹಾಕಿದ ಕೂಡ್ಲೆ ಚಿತ್ರ ಬಂತು!! ಯಾವುದೋ ಕ್ರಿಕೆಟ್ ಮ್ಯಾಚಿನ ಕ್ಯಾಸೆಟ್ ಹಾಕಿದ್ದೆ, ಕೆಳಗೆ ಗೆರೆ ಬರ್ತಿತ್ತು, ವಿಸಿಆರಿನಲ್ಲಿ ಚಿತ್ರ ಸರಿ ಮಾಡುವ ಟ್ರ್ಯಾಕಿಂಗ್ ತಿರುಗಿಸಿದ ಮೇಲೆ ಹೋಯ್ತು, ಟೇಪೂ ಜೋತು ಬೀಳ್ಲಿಲ್ಲ. ಆದ್ರೆ ಮದುವೆ ಕ್ಯಾಸೆಟ್ಟಲ್ಲಿ ಎಡಗಡೆ ಸುರುಳಿ ಅಂಚಿಗೆ ಬಿಳಿ ಚುಕ್ಕೆ ಉಂಟು. ಹಾಕಿಲ್ಲ.

ವಾಸ್ಕೋದವ:
ಹಾಕ್ಬೇಡಿ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಒಣಗಿದ ಮೇಲೆ ಕ್ಯಾಸೆಟ್ ಕ್ಲೀನ್ ಮಾಡುವವರಿಗೇ ಕೊಡಿ. ಆಮೇಲೆ ಮೊದಲ ಸಲ ಓಡಿಸುವಾಗಲೇ ಕ್ಯಾಪ್ಚರ್ ಕಾರ್ಡ್ ಹಾಕಿ ಕಂಪ್ಯೂಟರಿಗೆ ರೆಕಾರ್ಡ್ ಮಾಡ್ಕೊಳ್ಳಿ, ಸೆಟ್ಟಿಂಗಲ್ಲಿ ಪಾಲ್ (PAL, ನಮ್ಮ ದೇಶದ ಹಳೇ ಟೀವಿ ಪದ್ಧತಿ) ಇರಲಿ.

ಡೊಂಬಿವಲಿ_ಲೋಕಲ್:
ಚಪ್ಪಲಿ ಡಬ್ಬದಲ್ಲಿ ಬಂದ ಜೆಲ್ ಪೊಟ್ಟಣ ಆಗ್ತದಾ?

ಪುಣೆ_ಧಾರವಾಡ:
ಅದು ಆಗ್ಲೇ ನೀರು ಕುಡದು ಕುಂತಿರತೈತಿ, ಹೊಸಾದು ತಗೋರಿ.